ದೇವರ ಟೈಲ್ಸಿನ ಮೇಲೊಂದು ಶಾಲು

ನವೆಂಬರ್ 4, ಮಂಗಳವಾರ, ಬೆಳಿಗ್ಗೆ ಎಂಟೂವರೆ. ಯಲಹಂಕದ ಠಾಣೆಗೆ ದೂರು ಕೊಡಲು ಬಂದ ಹೆಂಗಸು ಒಳಗೆ ಕಾಲಿಡಲಿಲ್ಲ. ಪೌರಕಾರ್ಮಿಕರ ಮೇಲಂಗಿ ತೊಟ್ಟುಕೊಂಡು, ಬಲಗೈಯನ್ನು ಮೈಯಿಂದ ದೂರ ಚಾಚಿ, ಮೆಟ್ಟಿಲ ಪಕ್ಕದಲ್ಲೇ ನಿಂತಿದ್ದಳು. ಯಾರಾದರೂ ಹತ್ತಿರ ಬಂದರೆ ಹಿಂದಕ್ಕೆ ಸರಿಯುತ್ತಿದ್ದಳು.

ಇನ್‌ಸ್ಪೆಕ್ಟರ್ ಭಾಗ್ಯಶ್ರೀ ಜೀಪಿನಿಂದ ಇಳಿದವಳು ಅವಳನ್ನು ನೋಡಿದಳು. ಬಾಗಲಕೋಟೆಯವಳಾದ ಅವಳಿಗೆ ಆ ಸೆರಗು ಹೊದ್ದ ರೀತಿಯಿಂದಲೇ ತನ್ನ ಕಡೆಯವಳು ಎಂದು ತಿಳಿಯಿತು.

"ಒಳಗ ಬರ್ರಿ ಯವ್ವಾ. ಯಾಕ ಹೊರಗ ನಿಂತೀರಿ?"

"ಬ್ಯಾಡ್ರೀ. ಕೈಗೆ ಸೂಜಿ ಚುಚ್ಚೇತ್ರೀ. ಯಾರದೋ ನೆತ್ತರ ಹತ್ತಿದ ಸೂಜಿ."

ಹೆಸರು ದಾನವ್ವ. ಊರು ಸಿಂಧನೂರು ಕಡೆ. ಪುಟ್ಟೇನಹಳ್ಳಿ ಕೆರೆಯ ಪಕ್ಕದ ಬೈರಪ್ಪ ಲೇಔಟಿನಲ್ಲಿ ಕಸ ಗುಡಿಸುವವಳು. ಲೇಔಟಿನ ಮೂಲೆಯಲ್ಲಿ ಜನ ಕಸ ಸುರಿಯುವ ಜಾಗವೊಂದಿದೆ. ಅಲ್ಲಿ ಬೆಳಿಗ್ಗೆ ಒಂದು ಅಕ್ಕಿ ಚೀಲ ಬಿದ್ದಿತ್ತು. ಆಟೋ ಟಿಪ್ಪರಿಗೆ ಎತ್ತಿ ಹಾಕಲು ಅದನ್ನು ತಬ್ಬಿ ಹಿಡಿದಾಗ ಒಳಗಿದ್ದ ಸೂಜಿ ಅಂಗೈಗೆ ನಾಟಿತು. ಕೈಗವಸು ಇತ್ತು, ಅದರ ಅಂಗೈಯೆಲ್ಲ ಹರಿದಿತ್ತು. ಮೇಸ್ತ್ರಿಗೆ ಹೇಳಿದರೆ, ಸೋಪು ಹಾಕಿ ತೊಳೆದುಕೋ, ಉಳಿದ ಎರಡು ರಸ್ತೆ ಮುಗಿಸು ಎಂದನಂತೆ.

ಭಾಗ್ಯಶ್ರೀ ದೂರು ಬರೆಸಿಕೊಳ್ಳುವುದನ್ನು ಅಲ್ಲಿಗೇ ಬಿಟ್ಟು ಅವಳನ್ನು ಜೀಪು ಹತ್ತಿಸಿದಳು. ಆಸ್ಪತ್ರೆಯಲ್ಲಿ ಪೊಲೀಸ್ ಪ್ರಕರಣವೆಂದು ಎಂಎಲ್‌ಸಿ ಬರೆಸಿ, ಗಾಯ ತೊಳೆಸಿ, ಮೊದಲ ಮಾತ್ರೆ ನುಂಗಿಸಿದ ಮೇಲೆ ವೈದ್ಯೆ ಭಾಗ್ಯಶ್ರೀಯನ್ನು ಪಕ್ಕಕ್ಕೆ ಕರೆದಳು.

"ಎಚ್‌ಐವಿ, ಹೆಪಟೈಟಿಸ್, ಯಾವುದರ ರಿಸ್ಕ್ ಇದೆಯೋ ಗೊತ್ತಿಲ್ಲ. ತಿಂಗಳು ಪೂರ್ತಿ ಮಾತ್ರೆ ತಗೋಬೇಕು. ವಾಂತಿ, ತಲೆಸುತ್ತು ಎಲ್ಲ ಇರುತ್ತೆ. ಆಮೇಲೂ ಕೆಲವು ತಿಂಗಳು ಟೆಸ್ಟ್ ಮಾಡ್ತಾನೇ ಇರಬೇಕು. ಆ ಸೂಜಿ ಯಾರಿಗೆ ಹಾಕಿದ್ದು ಅಂತ ನೀವು ಪತ್ತೆ ಮಾಡಿದ್ರೆ, ಅವರ ರಕ್ತ ಸರಿ ಇದ್ರೆ, ಅವತ್ತೇ ಮಾತ್ರೆ ನಿಲ್ಲಿಸ್ತೀನಿ."

ದಾನವ್ವ ಬೆಂಚಿನ ತುದಿಯಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡಳು. ಅವಳ ಮಗಳು ಸಂಗವ್ವ ಹಡೆದು ಇನ್ನೂ ವಾರವಾಗಿರಲಿಲ್ಲ.

"ಕೂಸಿಗೆ ದಿನಾ ನೀರು ಹಾಕಾಕಿ ನಾನಽ ರೀ. ಈ ಕೈಲೆ ಹೆಂಗ ಹಾಕ್ಲಿ?"

"ಮುಟ್ಟಿದ್ರೆ ಬರಲ್ಲಮ್ಮ. ಎತ್ಕೊಳ್ಳಿ, ನೀರು ಹಾಕಿ, ಏನೂ ಆಗಲ್ಲ" ಎಂದಳು ವೈದ್ಯೆ.

"ನಿಮ್ಮ ಕೂಸಾಗಿದ್ರ ನೀವು ಹಾಕ್ತಿದ್ರೇನ್ರೀ?" ಎಂದು ದಾನವ್ವ ಕೇಳಿದಳು. ಅದರಲ್ಲಿ ಸಿಟ್ಟಿರಲಿಲ್ಲ, ನಿಜಕ್ಕೂ ತಿಳಿದುಕೊಳ್ಳಬೇಕಾಗಿತ್ತು. ವೈದ್ಯೆ ಒಂದು ಕ್ಷಣ ತಡೆದು, ಹಾಕ್ತಿದ್ದೆ ಎಂದಳು. ಆ ಒಂದು ಕ್ಷಣ ದಾನವ್ವನಿಗೆ ಸಾಕಾಯಿತು. ಅವಳು ತಲೆ ತಗ್ಗಿಸಿದಳು.

ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಕಲಂ 125, 271, ಜೊತೆಗೆ ಪರಿಸರ ಸಂರಕ್ಷಣಾ ಕಾಯ್ದೆ. ಆರೋಪಿ: ಅಪರಿಚಿತ.

ಪಂಚನಾಮೆಗೆ ಹೋದವರು ಮೂವರು: ಭಾಗ್ಯಶ್ರೀ, ಹೆಡ್ ಕಾನ್‌ಸ್ಟೆಬಲ್ ಲಕ್ಕಣ್ಣ, ಕಾನ್‌ಸ್ಟೆಬಲ್ ರಿಯಾಜ್. ಲಕ್ಕಣ್ಣ ಅಬ್ಬಿಗೆರೆಯವನು, ಸುತ್ತಲಿನ ಹಳ್ಳಿಗಳೆಲ್ಲ ಲೇಔಟುಗಳಾಗಿದ್ದನ್ನು ಕಣ್ಣಾರೆ ಕಂಡವನು. ರಿಯಾಜ್ ಇಪ್ಪತ್ತಾರರ ಹುಡುಗ, ಫೋನಿನಲ್ಲಿ ಚುರುಕು.

ಬೈರಪ್ಪ ಲೇಔಟಿನ ಮನೆಗಳ ಮುಂದೆ ಗ್ರಾನೈಟ್ ಮೆಟ್ಟಿಲು, ಕುಂಡಗಳಲ್ಲಿ ಬಣ್ಣದ ಹೂ. ಆ ಅಂದದ ಮನೆಗಳ ಹೊಟ್ಟೆಯೊಳಗಿನದ್ದೆಲ್ಲ ಮೂಲೆಯ ಗೋಡೆ ಬುಡದಲ್ಲಿ ಬಿದ್ದಿತ್ತು. ಮಕ್ಕಳ ಡೈಪರು, ಕೋಳಿ ಪುಕ್ಕ, ಹಳಸಿದ ಅನ್ನ, ಅದರ ಮೇಲೆ ಹರಿದಾಡುವ ಬಿಳಿ ಹುಳು. ಪಕ್ಕದಲ್ಲಿ ರಂಗೋಲಿ. ಗೋಡೆಯ ಮೇಲೆ ಬೋರ್ಡು: 'ಇಲ್ಲಿ ಕಸ ಹಾಕುವವರು ಮನುಷ್ಯರಲ್ಲ. ನೀವು ಸಿಸಿಟಿವಿ ಕಣ್ಗಾವಲಿನಲ್ಲಿದ್ದೀರಿ. ಇಂತಿ, ನಿವಾಸಿಗಳ ಸಂಘ.' ಬೋರ್ಡಿನ ಕೆಳಗೆ ಸಾಲಾಗಿ ದೇವರ ಟೈಲ್ಸ್ ಮೆತ್ತಿದ್ದರು. ಗಣಪತಿ, ವೆಂಕಟರಮಣ, ಲಕ್ಷ್ಮಿ, ಆಮೇಲೆ ಶಿಲುಬೆ, ಆಮೇಲೆ ಮೆಕ್ಕಾ. ಮನುಷ್ಯರ ಮಾತಿಗೆ ಬಗ್ಗದವರು ದೇವರಿಗಾದರೂ ಹೆದರಲಿ ಎಂದು. ಬೆಂಗಳೂರಿನಲ್ಲಿ ಗೋಡೆ ಕಾಯುವ ಕೆಲಸ ಸಿಕ್ಕಷ್ಟು ದೇವರುಗಳಿಗೆ ಗುಡಿಯಲ್ಲಿ ಕೆಲಸ ಸಿಕ್ಕಿಲ್ಲ.

ಭಾಗ್ಯಶ್ರೀ ಕರ್ಚೀಫನ್ನು ಮೂಗಿಗೆ ಒತ್ತಿಕೊಂಡಳು. ಪಂಚರಾಗಿ ಎದುರಿನ ಬೇಕರಿಯವನೂ ಇಸ್ತ್ರಿ ಅಂಗಡಿಯವನೂ ಬಂದರು. ಟಿಪ್ಪರಿನವನು ಎತ್ತದೆ ಬಿಟ್ಟುಹೋಗಿದ್ದ ಅಕ್ಕಿ ಚೀಲವನ್ನು ರಿಯಾಜ್ ದಪ್ಪ ಗ್ಲೌಸು ಹಾಕಿಕೊಂಡು ಬಿಚ್ಚಿದ. ಸಿರಿಂಜುಗಳು, ಬೆರಳಿಗೆ ಚುಚ್ಚುವ ಸಣ್ಣ ಸೂಜಿಗಳು, ರಕ್ತ ಒಣಗಿದ ಹತ್ತಿ, ಸಕ್ಕರೆ ಪರೀಕ್ಷೆಯ ಪಟ್ಟಿಗಳು. ಎಲ್ಲೂ ಆಸ್ಪತ್ರೆಯ ಗುರುತಿಲ್ಲ.

"ಕ್ಯಾಮೆರಾ ಫೂಟೇಜ್ ತೆಗೆಸು" ಎಂದಳು ಭಾಗ್ಯಶ್ರೀ.

ರಿಯಾಜ್ ಏಣಿ ಹತ್ತಿ ನೋಡಿ ಅಲ್ಲಿಂದಲೇ ನಕ್ಕ. "ಮೇಡಂ, ಇದು ಬರೀ ಡಬ್ಬಿ. ಒಳಗೆ ವೈರೇ ಇಲ್ಲ."

"ಇದು ಖಾಲಿ ಡಬ್ಬಿ ಅಂತ ಯಾರಿಗೆ ಗೊತ್ತು?" ಎಂದು ಅವಳು ಪಂಚರನ್ನು ಕೇಳಿದಳು.

"ನಮಗೂ ಈಗ್ಲೇ ಗೊತ್ತಾಗಿದ್ದು ಮೇಡಂ" ಎಂದ ಬೇಕರಿಯವನು. "ನಾವು ಹೆದರ್ಕೊಂಡು ಕಸಾನ ಅಂಗಡಿ ಒಳಗೇ ಇಟ್ಕೊಂಡಿರ್ತಿದ್ವಿ."

ಆಗ ಲಕ್ಕಣ್ಣ ಗೋಡೆಯ ಕಡೆ ಕೈ ತೋರಿಸಿದ. ಮೊದಲ ಮೂರು ಟೈಲ್ಸುಗಳ ಮೇಲೆ ಒಂದು ಶಾಲು ಇಳಿಬಿದ್ದಿತ್ತು. ಅರಿಶಿನ ಬಣ್ಣ, ಕೆಂಪು ಅಂಚು, ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ಮೇಲಿನ ಎರಡು ಮೂಲೆಗಳನ್ನು ಬೋರ್ಡಿನ ಮೊಳೆಗಳಿಗೆ ಸಿಕ್ಕಿಸಿದ್ದರು.

"ಗಾಳೀಲಿ ಬಂದಿದ್ದಲ್ಲ ಕಣಮ್ಮಾ ಇದು. ದೇವ್ರು ನೋಡಬಾರ್ದು ಅಂತ ಮುಚ್ಚವ್ರೆ. ಎಂಗೈತೆ ನೋಡಿ ಭಕ್ತಿ."

"ಆ ಕಡೆ ಎರಡು ಮುಚ್ಚಿಲ್ಲ ಮೇಡಂ" ಎಂದ ರಿಯಾಜ್. "ನಮ್ಮೋರು ನೋಡಿದ್ರೆ ಪರವಾಗಿಲ್ಲ ಅಂತ ಇರ್ಬೇಕು."

ಭಾಗ್ಯಶ್ರೀಗೆ ನಗು ಬರಲಿಲ್ಲ. ಸುಟ್ಟ ಮಣ್ಣಿನ ಬಿಲ್ಲೆಯ ಕಣ್ಣಿಗೆ ಅಂಜಿ ಬಟ್ಟೆ ಹೊದಿಸಿದವನು, ಬೆಳಗಾದರೆ ಅದೇ ಚೀಲಕ್ಕೆ ಕೈ ಹಾಕುವ ಹೆಂಗಸೊಬ್ಬಳಿದ್ದಾಳೆ ಎಂದು ಒಂದು ಗಳಿಗೆಯೂ ಯೋಚಿಸಿರಲಿಲ್ಲ. ಶಾಲನ್ನು ಮಡಿಸಿ ಅರಗು ಮುದ್ರೆ ಹಾಕಿ ಪಂಚನಾಮೆಗೆ ಸೇರಿಸಿದಳು.

ಮಧ್ಯಾಹ್ನವೆಲ್ಲ ಕ್ಲಿನಿಕ್ಕುಗಳನ್ನು ಸುತ್ತಿದರು. ಲೇಔಟಿನ ಸುತ್ತಮುತ್ತ ಒಂದು ಹಲ್ಲಿನ ಆಸ್ಪತ್ರೆ, ಎರಡು ಕ್ಲಿನಿಕ್, ಒಂದು ಲ್ಯಾಬು. ಎಲ್ಲ ಕಡೆಯೂ ಸೂಜಿಗೆ ಬೇರೆ ಡಬ್ಬಿ, ರಕ್ತದ ಹತ್ತಿಗೆ ಹಳದಿ ಚೀಲ, ಬಾರ್‌ಕೋಡು, ಒಯ್ಯುವ ಗಾಡಿ. ಯಾರದೂ ತಪ್ಪಿರಲಿಲ್ಲ. ಠಾಣೆಗೆ ಮರಳಿದಾಗ ಸಂಜೆಯಾಗಿತ್ತು. ದಾನವ್ವ ಎರಡು ಸಲ ಫೋನ್ ಮಾಡಿದ್ದಳು. ಕೂಸಿಗೆ ಪಕ್ಕದ ಮನೆಯ ಮುನ್ನಿ ನೀರು ಹಾಕಿದಳಂತೆ, ತಾನು ಬಾಗಿಲಾಚೆ ಕುಳಿತಿದ್ದಾಳಂತೆ. ಯಾರ ನೆತ್ತರು ಎಂದು ಗೊತ್ತಾಯಿತೇ ಎಂದು ಕೇಳಿದ್ದಳು.

ಚಹಾ ಕುಡಿಯುತ್ತಿದ್ದ ಲಕ್ಕಣ್ಣ ಇದ್ದಕ್ಕಿದ್ದಂತೆ ಲೋಟ ಕೆಳಗಿಟ್ಟ.

"ಅಮ್ಮಾ, ಅದು ಸನ್ಮಾನದ ಶಾಲು. ಯಾರೂ ದುಡ್ಡು ಕೊಟ್ಟು ತಗೊಳ್ಳೋ ಶಾಲಲ್ಲ, ಚಳಿಗೂ ಆಗಲ್ಲ. ರಾಜ್ಯೋತ್ಸವಕ್ಕೆ ಅಂತ್ಲೇ ಅಳದಿ ಕೆಂಪು ಮಾಡ್ಸವ್ರೆ."

ರಿಯಾಜ್ ಸಂಘದ ಫೇಸ್‌ಬುಕ್ ಪುಟ ತೆಗೆದ. ನವೆಂಬರ್ 2, ಭಾನುವಾರ: 'ಕನ್ನಡ ರಾಜ್ಯೋತ್ಸವದ ಪ್ರಯುಕ್ತ ಉಚಿತ ಆರೋಗ್ಯ ಶಿಬಿರ ಹಾಗೂ ಸಾಧಕರಿಗೆ ಸನ್ಮಾನ.' ಮೇಜು, ಸಿರಿಂಜು, ಬೆರಳು ಚಾಚಿ ಕುಳಿತ ಜನ. ಅದೇ ಅರಿಶಿನ ಶಾಲು ಹೊದ್ದು ನಿಂತ ಐವರು. ಮೊದಲ ಫೋಟೋದಲ್ಲಿ ಸಂಘದ ಅಧ್ಯಕ್ಷ ಚಿಕ್ಕಬೈರಪ್ಪ ಶರ್ಟಿನ ತೋಳು ಮಡಿಸಿ, ಕ್ಯಾಮೆರಾ ನೋಡಿ ನಗುತ್ತ, ಎಲ್ಲರಿಗಿಂತ ಮೊದಲು ತನ್ನ ರಕ್ತ ಕೊಡುತ್ತಿದ್ದ. ಕೆಳಗೆ ಬರೆದಿತ್ತು: 'ಸ್ವತಃ ರಕ್ತ ನೀಡಿ ಶಿಬಿರ ಉದ್ಘಾಟಿಸಿದ ಸಮಾಜ ಸೇವಕರು.'

ಸೂಜಿಯೂ ಶಾಲೂ ಆ ಒಂದೇ ಶಿಬಿರದಿಂದ ಬಂದಿದ್ದವು.

ಬುಧವಾರ ಬೆಳಿಗ್ಗೆ ಮೊದಲು ಗೋಪಿಯನ್ನು ಕರೆಸಿದರು. ಲ್ಯಾಬೊಂದರ ಟೆಕ್ನಿಷಿಯನ್; ಫೋಟೋದಲ್ಲಿ ಸಿರಿಂಜು ಹಿಡಿದಿದ್ದವನು.

"ಕ್ಯಾಂಪಿಗೆ ಪರ್ಮಿಷನ್ ಇತ್ತಾ?"

"ಗೊತ್ತಿಲ್ಲ ಮೇಡಂ. ಭಾನುವಾರ ರಜಾ ಇತ್ತು, ಪ್ರೆಸಿಡೆಂಟ್ರು ಕರೆದ್ರು, ಹೋದೆ."

"ನಿಮ್ಮ ಲ್ಯಾಬಿಗೆ ಗೊತ್ತಾ?"

"ಇಲ್ಲ."

"ಸೂಜಿ ಎಲ್ಲಿ ಹಾಕಿದೆ?"

"ಲ್ಯಾಬಿಗೆ ತಗೊಂಡ್ ಹೋದ್ರೆ ಎಲ್ಲಿಂದ ತಂದೆ ಅಂತ ಕೇಳ್ತಾರೆ ಮೇಡಂ. ಅಲ್ಲೇ ಬಿಟ್ಟೆ. ನಾನ್ ನೋಡ್ಕೋತೀನಿ ಹೋಗಪ್ಪಾ ಅಂದ್ರು ಪ್ರೆಸಿಡೆಂಟ್ರು."

ಆದರೂ ಭಾಗ್ಯಶ್ರೀ ಅವಸರ ಮಾಡಲಿಲ್ಲ. ಗೋಪಿಯ ಮಾತೊಂದರ ಮೇಲೆ ನಿಲ್ಲುವ ಕೇಸಲ್ಲ ಇದು. ಸನ್ಮಾನಿತರ ಮನೆಗಳಿಗೆ ಒಂದೊಂದಾಗಿ ಹೋಗಿ ಶಾಲು ತೋರಿಸಿ ಎಂದಳು. ನಿವೃತ್ತ ಮೇಷ್ಟ್ರು ಪ್ಲಾಸ್ಟಿಕ್ ಕವರಿನ ಸಮೇತ ತಂದು ತೋರಿಸಿದರು. ಒಬ್ಬರ ಮನೆಯಲ್ಲಿ ಅದು ವಾಷಿಂಗ್ ಮೆಷಿನ್ನಿನ ಹೊದಿಕೆಯಾಗಿತ್ತು. ಇನ್ನೊಬ್ಬರದು ಡ್ರೈವರನ ಹೆಗಲ ಮೇಲೆ, ಮತ್ತೊಬ್ಬರದು ನಾಯಿಯ ಹಾಸಿಗೆಯಲ್ಲಿ. ನಾಲ್ಕು ಸಿಕ್ಕವು.

ಐದನೆಯದು ಚಿಕ್ಕಬೈರಪ್ಪನದು. ಲೇಔಟಿನ ನೆಲವೆಲ್ಲ ಅವನಪ್ಪನ ಹೊಲವಾಗಿತ್ತು. ಮೂರಂತಸ್ತಿನ ಮನೆಯ ಹಜಾರದಲ್ಲಿ ಗಾಜಿನ ಕಪಾಟು. ಅದರ ತುಂಬ ನೆನಪಿನ ಕಾಣಿಕೆಗಳು, ಮೈಸೂರು ಪೇಟಗಳು.

"ಭಾನುವಾರದ ಶಾಲು ತೋರಿಸಿ."

"ಶಾಲಿಗೇನ್ ಬರಾನಾ ಮೇಡಂ ನಮ್ಮನೇಲಿ? ಜನ ಪ್ರೀತಿಯಿಂದ ಹಾಕ್ತಾರೆ, ಬೇಡ ಅನ್ನಕ್ಕಾಗಲ್ಲ." ಕಪಾಟಿನಿಂದ ಕಂದು ಬಣ್ಣದ ಶಾಲೊಂದನ್ನು ಎಳೆದು ಕೊಟ್ಟ. "ತಗೊಳ್ಳಿ. ಇದೇ."

ಅಡುಗೆಮನೆಯ ಬಾಗಿಲಲ್ಲಿ ಅವನ ಹೆಂಡತಿ ಮರಿಯಮ್ಮ ನಿಂತಿದ್ದಳು. "ಅದು ಓದ್ ವರ್ಸದ್ದು. ಮೊನ್ನೇದು ಅಳದಿ ಬಣ್ಣದ್ದು" ಎಂದಳು.

"ನೀನ್ ಒಳಗ್ ಹೋಗೇ."

"ಓಗ್ತೀನಿ. ಪೊಲೀಸ್ನೋರು ಕೇಳ್ತಾವ್ರೆ, ಯೋಳ್ದೆ. ಅವತ್ತೇ ಬಡ್ಕೊಂಡೆ, ನೆತ್ತರು ಸೂಜಿ ಮನೇಲಿ ಇಕ್ಕಬೇಡಿ, ತಗೊಂಡೋಗಿ ಆಸ್ಪತ್ರೆಯೋರ ಕೈಗೇ ಕೊಟ್ಟುಬಿಡಿ ಅಂತ. ನನ್ ಮಾತು ಯಾರು ಕೇಳ್ತಾರೆ?"

ಅಷ್ಟರಲ್ಲಿ ಹಿತ್ತಲಿನಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಲಕ್ಕಣ್ಣ ಓಡಿದ. ಹಿತ್ತಲಿಗೆ ಅಂಟಿದ ಖಾಲಿ ಸೈಟಿನಲ್ಲಿ ಹೊಗೆಯಾಡುವ ಗುಡ್ಡೆ. ಕೋಲಿನಿಂದ ಕೆದಕಿದರೆ ಕರಗಿ ಅಂಟಿಕೊಂಡ ಸಿರಿಂಜುಗಳು, ಕಪ್ಪಾದ ಸೂಜಿಗಳು. ಶಿಬಿರದ ಸೂಜಿಗಳಲ್ಲಿ ಇನ್ನೂ ಅರ್ಧ ಚೀಲದಷ್ಟನ್ನು ಅವನು ಮನೆಯಲ್ಲೇ ಇಟ್ಟುಕೊಂಡಿದ್ದ. ಪೊಲೀಸರು ಶಾಲು ಕೇಳುತ್ತ ಬರುತ್ತಿರುವ ಸುದ್ದಿ ಸಂಘದ ವಾಟ್ಸಾಪಿನಲ್ಲಿ ಓದಿ ಬೆಂಕಿ ಇಟ್ಟಿದ್ದ.

"ಬೈರಪ್ಪಣ್ಣ, ಏನಣ್ಣ ಇದು?" ಎಂದ ಲಕ್ಕಣ್ಣ. ಅಣ್ಣ ಎಂದು ಕರೆದು ಅಭ್ಯಾಸವಾಗಿತ್ತು. ಕರೆದ ಮೇಲೆ ಪಕ್ಕಕ್ಕೆ ತಿರುಗಿ ಥೂ ಎಂದು ಉಗಿದ.

ಹಿತ್ತಲಿನಲ್ಲಿ ಇನ್ನೊಂದು ಪಂಚನಾಮೆಯಾಯಿತು. ಸಾಕ್ಷ್ಯ ನಾಶ, ಕಲಂ 238 ಸೇರಿತು. ಮಧ್ಯಾಹ್ನ 1.20ಕ್ಕೆ ದಸ್ತಗಿರಿ.

ಠಾಣೆಯಲ್ಲಿ ರಿಯಾಜ್ ಬೇಕರಿಯ ಕ್ಯಾಮೆರಾದ ದೃಶ್ಯ ಹಾಕಿ ತೋರಿಸಿದ. ಬೇಕರಿಯದು ನಿಜವಾದ ಕ್ಯಾಮೆರಾ; ಅದರ ದೃಶ್ಯ ಆ ಬೆಳಿಗ್ಗೆಯಷ್ಟೇ ಕೈಗೆ ಸಿಕ್ಕಿತ್ತು. ಮಂಗಳವಾರ ನಸುಕಿನ ಬೆಳಕಿನಲ್ಲಿ ಚಿಕ್ಕಬೈರಪ್ಪನ ಸ್ಕೂಟರು ಬಂತು, ಕಾಲ ಬಳಿ ಚೀಲ, ಚೀಲದ ಮೇಲೆ ಹೊದಿಸಿದ ಅರಿಶಿನ ಶಾಲು. ಮರಳುವಾಗ ಎರಡೂ ಇರಲಿಲ್ಲ.

"ಇದು ನೀವೇನಾ?"

"ನಾನೇ. ಕಸ ಹಾಕೋ ಜಾಗಕ್ಕೆ ಕಸ ಹಾಕಿದೀನಿ. ಇಡೀ ಲೇಔಟು ಹಾಕುತ್ತೆ. ನಂದೊಂದೇ ಕಂಡಿದ್ದಾ ನಿಮಗೆ?"

"ಅಲ್ಲಿ ಹಾಕೋರು ಮನುಷ್ಯರಲ್ಲ ಅಂತ ಬರೆಸಿದ್ದು ಯಾರು?"

"ನಾನೇ ಬರೆಸಿದ್ದು."

"ಆ ಡಬ್ಬೀಲಿ ಕ್ಯಾಮೆರಾ ಇಲ್ಲ ಅಂತ ಗೊತ್ತಿತ್ತಾ?"

"ನಾನೇ ಹಾಕ್ಸಿದ್ದಲ್ವಾ."

"ಸೂಜೀನ ಒಂದು ಆಸ್ಪತ್ರೆಗೆ ಕೊಟ್ಟಿದ್ರೆ ತಗೋತಿದ್ರು. ಯಾಕೆ ಕೊಡ್ಲಿಲ್ಲ?"

"ಯಾವ ಕ್ಯಾಂಪು, ಯಾರ ಪರ್ಮಿಷನ್ನು ಅಂತ ಕೇಳ್ತಿದ್ರು. ಪೇಪರಲ್ಲಿ ಬರ್ತಿತ್ತು. ಪಾಲಿಕೆ ಎಲೆಕ್ಷನ್ ಹತ್ರ ಇದೆ ಮೇಡಂ, ಟಿಕೆಟ್ ಮಾತಾಡ್ತಾವ್ರೆ."

"ಶಾಲು ಯಾಕೆ ಹೊದಿಸಿದ್ರಿ?"

ಈ ಪ್ರಶ್ನೆಗೆ ಮಾತ್ರ ಅವನು ಸ್ವಲ್ಪ ನಾಚಿದ. "ದೇವ್ರ ಎದುರಿಗೆ ಅಂಥದ್ದು ಹಾಕೋಕೆ ಮನಸ್ಸು ಬರ್ಲಿಲ್ಲ. ಮೈಲಿಗೆ ಅಲ್ವಾ? ಹಾಕಾದ್ಮೇಲೆ ತಗೊಂಡ್ ಹೋಗೋಣ ಅಂತಲೇ ಇದ್ದೆ. ವಾಕಿಂಗ್ ಬಂದೋರು ಯಾರೋ ನಮಸ್ಕಾರ ಪ್ರೆಸಿಡೆಂಟ್ರೇ ಅಂದ್ರು. ಹೊರಟುಬಿಟ್ಟೆ."

"ದಾನವ್ವನ ಬಗ್ಗೆ ಯೋಚನೆ ಬರ್ಲಿಲ್ವಾ?"

"ಯಾವ ದಾನವ್ವ?"

ಆರು ವರ್ಷದಿಂದ ಅವನ ಮನೆಯ ಮುಂದೆ ಗುಡಿಸುತ್ತಿದ್ದವಳು. ಭಾಗ್ಯಶ್ರೀ ಮೇಜಿನ ಮೇಲಿನ ನೀರಿನ ಬಾಟಲಿಯನ್ನು ಕೈಗೆತ್ತಿಕೊಂಡು, ಕುಡಿಯಲು ಮನಸ್ಸಾಗದೆ ಕೆಳಗಿಟ್ಟಳು.

"ಸೂಜಿ ಚುಚ್ಚಿಸಿಕೊಂಡೋಳು."

"ಓ, ಕಸದವಳಾ? ಅವಳಿಗೇನೂ ಆಗಲ್ಲ ಬಿಡಿ ಮೇಡಂ. ಕ್ಯಾಂಪಿಗೆ ಬಂದೋರೆಲ್ಲ ನಮ್ಮ ಲೇಔಟಿನೋರು, ಮರ್ಯಾದಸ್ಥರು. ಅಂಥ ಕಾಯಿಲೆ ಎಲ್ಲ ನಮ್ಮೋರಿಗೆ ಇರಲ್ಲ."

ಎಷ್ಟು ಸಲೀಸಾಗಿ ಹೇಳಿದ! ನಲವತ್ತು ಕೊಲೆ ಕೇಸುಗಳಲ್ಲಿ ಸಿಗದ ಅಸಹ್ಯ ಅವಳಿಗೆ ಈ ಒಂದು ಮಾತಿನಲ್ಲಿ ಸಿಕ್ಕಿತು. ಆದರೆ ಆ ಮಾತು ಪೂರ್ತಿ ಉಪಯೋಗವಿಲ್ಲದ್ದಾಗಿರಲಿಲ್ಲ. ರಕ್ತ ಕೊಟ್ಟವರು ಯಾರು ಎಂದು ಈಗ ಗೊತ್ತಿತ್ತು. ಅವರೆಲ್ಲ ಇನ್ನೊಮ್ಮೆ ಒಂದೊಂದು ಹನಿ ಕೊಟ್ಟು, ಎಲ್ಲರದೂ ಸರಿಯಿದ್ದರೆ, ದಾನವ್ವನ ಮಾತ್ರೆ ನಿಲ್ಲುತ್ತದೆ.

ಸಂಜೆ ಲೇಔಟಿನ ಸಮುದಾಯ ಭವನದಲ್ಲಿ ವೈದ್ಯೆಯನ್ನೇ ಕೂರಿಸಿದಳು. ಹೆಸರು ಹೊರಗೆ ಬರುವುದಿಲ್ಲ, ಫಲಿತಾಂಶ ನಿಮಗೆ ಮಾತ್ರ ತಿಳಿಸುತ್ತೇವೆ ಎಂದು ಲಕ್ಕಣ್ಣ ಮನೆಮನೆಗೆ ಹೋಗಿ ಹೇಳಿ ಬಂದ. ಭಾನುವಾರ ಕುರ್ಚಿ ಸಾಲದಷ್ಟು ಜನ ಸೇರಿದ್ದ ಭವನ ಅದು. ಈಗ ಮೊದಲು ಬಂದವಳು ಮರಿಯಮ್ಮ. ಅವಳೂ ಶಿಬಿರದಲ್ಲಿ ಬೆರಳು ಚುಚ್ಚಿಸಿಕೊಂಡಿದ್ದಳು. ಯಾರನ್ನೂ ನೋಡದೆ ಕೈ ಚಾಚಿ ರಕ್ತ ಕೊಟ್ಟು ಹೋದಳು. ನಿವೃತ್ತ ಮೇಷ್ಟ್ರು ಬಂದರು. ಇನ್ನು ನಾಲ್ಕು ಜನ ಬಂದರು. ಆಮೇಲೆ ಯಾರೂ ಬರಲಿಲ್ಲ.

ಏಳು ಗಂಟೆಯ ಹೊತ್ತಿಗೆ ಸಂಘದ ಏಳೆಂಟು ಮಂದಿ ಒಟ್ಟಿಗೆ ಬಾಗಿಲಲ್ಲಿ ಕಾಣಿಸಿಕೊಂಡರು. ಭಾಗ್ಯಶ್ರೀಗೆ ಜೀವ ಬಂದಂತಾಯಿತು. ತಾನೇ ಎದ್ದು ಕುರ್ಚಿ ಎಳೆದಳು.

"ಕೂತ್ಕೊಳ್ಳಿ. ಒಬ್ಬೊಬ್ಬರಾಗಿ ಬಂದ್ರೆ ಬೇಗ ಆಗುತ್ತೆ."

"ಅದಕ್ಕಲ್ಲ ಮೇಡಂ" ಎಂದ ಸಂಘದ ಕಾರ್ಯದರ್ಶಿ ರವಿಕಿರಣ. "ಎರಡು ದಿನದಿಂದ ಕಸ ಎತ್ತಿಲ್ಲ. ನಾಯಿಗಳು ಎಳೆದಾಡ್ತಿವೆ. ಆಯಮ್ಮ ರಜಾ ಹಾಕಿದ್ರೆ ಬದಲಿಗೆ ಯಾರಾದ್ರೂ ಬರಬೇಕಲ್ವಾ? ನೀವೊಂದು ಮಾತು ಹೇಳಿದ್ರೆ..."

"ನೀವೂ ಭಾನುವಾರ ರಕ್ತ ಕೊಟ್ಟಿದ್ರಿ ಅಲ್ವಾ?"

"ಅದು ಶುಗರ್ ಟೆಸ್ಟ್ ಮೇಡಂ. ಇದು ಬೇರೆ. ಮನೇಲಿ ಮಕ್ಕಳಿದ್ದಾರೆ, ಯಾರಾದ್ರೂ ಏನಾದ್ರೂ ಅಂದ್ಕೊಂಡ್ರೆ?"

ಎಲ್ಲರೂ ಹೌದೆಂದು ತಲೆಯಾಡಿಸಿದರು. ಬಲವಂತ ಮಾಡಲು ಕಾನೂನಿನಲ್ಲಿ ಅವಕಾಶವಿರಲಿಲ್ಲ. ಒಪ್ಪಿಗೆಯಿಲ್ಲದೆ ಆ ಪರೀಕ್ಷೆ ಮಾಡುವ ಹಾಗಿಲ್ಲ. ಭಾಗ್ಯಶ್ರೀ ಕುರ್ಚಿಯನ್ನು ಇದ್ದಲ್ಲಿಗೆ ತಳ್ಳಿದಳು. "ನಿಮ್ಮ ಕಸ ನೀವೇ ಎತ್ಕೊಳ್ರೀ" ಎಂದಳು. ನಿಮ್ಮ ಮೇಲೆ ದೂರು ಕೊಡುತ್ತೇವೆ ಎಂದು ಯಾರೋ ಗೊಣಗಿದರು. ಕೊಡಿ ಎಂದಳು.

ಗುರುವಾರ ಬೆಳಿಗ್ಗೆ ಆರೋಪಿಯನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸುವ ಮೊದಲು ವೈದ್ಯಕೀಯ ತಪಾಸಣೆಗೆ ಕರೆತಂದರು. ಬಿಪಿ, ನಾಡಿ ಎಲ್ಲ ನೋಡಿ ವೈದ್ಯೆ ಕೇಳಿದಳು: "ಒಂದು ಬ್ಲಡ್ ಸ್ಯಾಂಪಲ್ ಕೊಡ್ತೀರಾ? ಆಯಮ್ಮನಿಗೆ ಅನುಕೂಲ ಆಗುತ್ತೆ. ನಿಮ್ಮ ಒಪ್ಪಿಗೆ ಇದ್ರೆ ಮಾತ್ರ."

"ಬೇಡ" ಎಂದ ಚಿಕ್ಕಬೈರಪ್ಪ.

"ನಮ್ಮೋರಿಗೆ ಅಂಥದ್ದೆಲ್ಲ ಇರಲ್ಲ ಅಂದ್ರಲ್ಲ?" ಎಂದಳು ಭಾಗ್ಯಶ್ರೀ.

"ಇರಲ್ಲ ಮೇಡಂ. ಆದ್ರೂ ಯಾಕೆ? ಅಕಸ್ಮಾತ್ ಏನೋ ಒಂದು ಬಂತು ಅಂದ್ಕೊಳ್ಳಿ. ಕೇಸಾದ್ರೆ ವಕೀಲರು ನೋಡ್ಕೋತಾರೆ. ಅದು ಬಂತು ಅಂದ್ರೆ ನಾನ್ ತಲೆ ಎತ್ತಿ ಓಡಾಡಕ್ಕಾಗುತ್ತಾ?"

ಹೊರಗಿನ ಬೆಂಚಿನಲ್ಲಿ ದಾನವ್ವ ಇದ್ದಳು. ಮಾತ್ರೆಗೆ ಎರಡು ದಿನ ವಾಂತಿಯಾಗಿ ಮುಖ ಇಳಿದಿತ್ತು. ಒಳಗಿನ ಮಾತು ಅವಳಿಗೆ ಕೇಳಿಸಿತ್ತು. ಅವನು ಹೊರಬಂದಾಗ ಎದ್ದು ನಿಂತಳು, ದಾರಿಗೆ ಅಡ್ಡವಾಗದಷ್ಟು ದೂರದಲ್ಲಿ.

"ಯಪ್ಪಾ, ಒಂದು ಹನಿ ಕೊಡ್ರಿ. ನಿಮ್ಮ ಮ್ಯಾಲೆ ನನಗೇನೂ ಸಿಟ್ಟಿಲ್ಲ. ಮನಸಿಗೆ ಒಂದು ಸಮಾಧಾನ ಆಗ್ತೈತಿ, ಅಷ್ಟಽ."

ಚಿಕ್ಕಬೈರಪ್ಪ ಅವಳನ್ನು ದಾಟಿ ರಿಯಾಜನ ಕಡೆ ನೋಡಿದ. "ನಡೀರಿ ಸಾರ್, ಲೇಟಾಗುತ್ತೆ. ಕೋರ್ಟ್ ಹತ್ರ ಟಿವಿಯವರು ಇರ್ತಾರಾ?"

ಜೀಪು ಹೊರಟಿತು. ಭಾಗ್ಯಶ್ರೀ ಆ ಮಧ್ಯಾಹ್ನ ಕೇಸ್ ಡೈರಿಯಲ್ಲಿ ಅಪರಾಧದ ಉದ್ದೇಶ ಬರೆಯಬೇಕಾಗಿತ್ತು. ದ್ವೇಷ ಇರಲಿಲ್ಲ, ಲಾಭ ಇರಲಿಲ್ಲ. ಅಪ್ಪನ ಹೊಲವನ್ನು ಸೈಟು ಮಾಡಿ ಮಾರಿದ್ದಕ್ಕೆ ಊರೆಲ್ಲ ಸೈಟ್ ಬೈರ ಎನ್ನುತ್ತಿತ್ತಂತೆ. ಆ ಹೆಸರು ಅಳಿಸಿ, ಸಮಾಜ ಸೇವಕ ಎಂದು ಕರೆಸಿಕೊಳ್ಳಲು ಹತ್ತು ವರ್ಷ ಶಿಬಿರ, ಬೋರ್ಡು, ಟೈಲ್ಸು ಎಂದು ಓಡಾಡಿದ್ದ. ಅದಕ್ಕೊಂದು ಕಪ್ಪು ಚುಕ್ಕೆ ಬೀಳುವುದನ್ನು ತಾಳಲಾರದೆ ಹೋದ. ಅವಳು 'ಒಳ್ಳೆಯ ಹೆಸರು ಉಳಿಸಿಕೊಳ್ಳುವ ಸಲುವಾಗಿ' ಎಂದು ಬರೆದು ಸಹಿ ಹಾಕಿದಳು. ದಾನವ್ವನಿಗೆ ಫೋನ್ ಮಾಡಿ, ಮಾತ್ರೆ ಬಿಡಬೇಡ್ರಿ ಯವ್ವಾ, ತಿಂಗಳು ಪೂರಾ ತಗೋರಿ ಎಂದಳು.